ಅರವತ್ತೆರಡು ನೋಟ

ಬೀದಿಯ ಕೊನೆಯಲ್ಲಿದ್ದ ಎರಡಂತಸ್ತಿನ ಮನೆಯ ಬಗ್ಗೆ ಅಕ್ಕಪಕ್ಕದವರು ಹೇಳುತ್ತಿದ್ದುದು ಒಂದೇ ಮಾತು. "ಅಲ್ಲೊಬ್ಬಳು ಹೆಂಗಸಿದ್ದಾಳೆ. ಬೆಳಿಗ್ಗೆ ಏಳಕ್ಕೆ ಬರ್ತಾಳೆ, ಸಂಜೆ ತನಕ ಬೈತಾಳೆ, ಬುತ್ತಿ ಡಬ್ಬಿ ಹಿಡ್ಕೊಂಡು ಬಸ್ಸು ಹತ್ತಿ ಹೋಗ್ತಾಳೆ." ಎದುರುಮನೆಯ ಮುದುಕಿ ಈ ಮಾತಿಗೊಂದು ಬಾಲ ಅಂಟಿಸುತ್ತಿದ್ದಳು: "ಬೈಯೋದಕ್ಕೇ ಸಂಬಳವಂತೆ ಅವಳಿಗೆ. ನಾನು ನಲವತ್ತು ವರ್ಷ ಪುಕ್ಕಟೆ ಬೈದೆ, ನೋಡಿ."

ಆ ಮನೆಯನ್ನು ಧಾರಾವಾಹಿಯವರು ಬಾಡಿಗೆಗೆ ಹಿಡಿದು ಹನ್ನೊಂದು ವರ್ಷವಾಗಿತ್ತು. ಬೈಯುವ ಹೆಂಗಸು ಆ ಧಾರಾವಾಹಿಯ ದೊಡ್ಡತ್ತೆ. ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದು ಕರಾರುಪತ್ರದ ಮೇಲೆ ಮಾತ್ರ ಉಳಿದಿತ್ತು. ಬಸ್ಸಿನ ಕಂಡಕ್ಟರು, ಹಲ್ಲಿನ ಡಾಕ್ಟರು, ಮೂರನೇ ಮಹಡಿಯ ಅವಳ ಎರಡು ಕೋಣೆಯ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ತರುವವನು, ಎಲ್ಲರ ಬಾಯಲ್ಲೂ ದೊಡ್ಡತ್ತೆಯೇ. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಅಂದಮೇಲೆ ಸೊಸೆ ಎಲ್ಲಿಂದ ಬರಬೇಕು? ಆದರೂ ಊರಿನ ಸೊಸೆಯಂದಿರೆಲ್ಲ ಅವಳನ್ನು ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಅಷ್ಟಕ್ಕೂ ಅವಳ ಬಂಡವಾಳ ಏನು ಅಂದರೆ ಎಡಗಡೆಯ ಹುಬ್ಬು. ಸೊಸೆ ಒಳಗೆ ಬಂದು ಏನೋ ಹೇಳಬೇಕು, ದೊಡ್ಡತ್ತೆ ನಿಧಾನಕ್ಕೆ ತಿರುಗಬೇಕು, ಹುಬ್ಬು ಮೇಲೇರಬೇಕು. ಅದನ್ನೇ ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ, ಮುಖದ ಹತ್ತಿರ ಒಮ್ಮೆ ಹಿಡಿಯುತ್ತಿದ್ದರು. ಆಮೇಲೆ ಅದಕ್ಕೆ ಗುಡುಗಿನ ಸದ್ದು ಸೇರಿಸುತ್ತಿದ್ದರು. ದಿನಕ್ಕೆ ಇಪ್ಪತ್ತು ಸೀನು, ಸೀನಿಗೆ ಮೂರು ಗುಡುಗು. ನಿರ್ದೇಶಕನಿಗೆ "ಸಾಕು" ಎನ್ನುವ ಪದ ಗೊತ್ತಿರಲಿಲ್ಲ, "ಚೆನ್ನಾಗಿದೆ" ಎನ್ನುವುದಕ್ಕೆ ಪುರುಸೊತ್ತಿರಲಿಲ್ಲ. "ಮುಂದಕ್ಕೆ, ಮುಂದಕ್ಕೆ" ಎನ್ನುತ್ತಲೇ ದಿನ ದೂಡುತ್ತಿದ್ದ. ಅವನನ್ನು ಎಲ್ಲರೂ ಮುಂದಕ್ಕಣ್ಣ ಎಂದೇ ಕರೆಯುತ್ತಿದ್ದರು.

ಇಂಥ ಗಾಣಕ್ಕೆ ಕಟ್ಟಿಕೊಂಡವಳಿಗೆ ಒಂದೇ ಒಂದು ಆಸೆಯಿತ್ತು. ಗುಡುಗು ಇಲ್ಲದ ಪಾತ್ರ ಒಂದನ್ನು, ಸಾಯುವುದರೊಳಗೆ, ಒಮ್ಮೆ ಮಾಡಬೇಕು. ಸಿನಿಮಾದವರು ಹಿಂದೆ ಎರಡು ಸಲ ಕೇಳಿಕೊಂಡು ಬಂದಿದ್ದರು. ಎರಡು ಸಲವೂ ಕರಾರು ಅಡ್ಡ ಬಂತು. ಕರಾರಿನ ಅವಧಿ ಮುಗಿಯುವವರೆಗೆ ಲಿಖಿತ ಅನುಮತಿಯಿಲ್ಲದೆ ಬೇರೆ ಯಾವ ಪರದೆಯ ಮೇಲೂ ಮುಖ ತೋರಿಸಕೂಡದು ಎಂದು ಅದರಲ್ಲಿತ್ತು. ಅವಳ ಜೊತೆಯಲ್ಲೇ ಇದ್ದು, ಅವಳ ತಾರೀಖುಗಳನ್ನೆಲ್ಲ ಡೈರಿಯಲ್ಲಿ ಬರೆದಿಡುತ್ತಿದ್ದ ತಂಗಿ ಆ ಸಾಲನ್ನು ಗಟ್ಟಿಯಾಗಿ ಓದಿ, "ಕನ್ನಡಿಗೆ ಅನುಮತಿ ಬೇಕಿಲ್ಲ ಅಂತ ಕಾಣುತ್ತೆ ಅಕ್ಕಾ, ಅಷ್ಟಾದರೂ ಉಳೀತು" ಎಂದಿದ್ದಳು.

ಮೂರನೆಯ ಸಲ ಕೇಳಿಕೊಂಡು ಬಂದವಳು ಒಬ್ಬ ಎಳೆಯ ವಯಸ್ಸಿನ ನಿರ್ದೇಶಕಿ. ಊಟದ ಬಿಡುವಿನಲ್ಲಿ ಬಂದು, ಮೆಟ್ಟಿಲ ಮೇಲೆ ಕುಳಿತು ಕಾಲು ಒತ್ತಿಕೊಳ್ಳುತ್ತಿದ್ದ ದೊಡ್ಡತ್ತೆಯ ಎದುರು ತಾನೂ ನೆಲದ ಮೇಲೆ ಕುಳಿತಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹೆಂಗಸಿನ ಪಾತ್ರ, ಇಪ್ಪತ್ತನಾಲ್ಕು ದಿನದ ಕೆಲಸ, ಇಡೀ ಸಿನಿಮಾದಲ್ಲಿ ಏಳು ಮಾತು ಎಂದಳು.

"ಏಳಾ? ದೊಡ್ಡತ್ತೆ ಹಲ್ಲುಜ್ಜೋಕೆ ಮುಂಚೆ ಅಷ್ಟು ಆಡ್ತಾಳೆ. ನನ್ನನ್ನ ಯಾಕಮ್ಮಾ ಹುಡುಕ್ಕೊಂಡು ಬಂದೆ?"

"ಮೊನ್ನೆ ಒಂದ್ಸಲ ಬಂದು ಬಾಗಿಲಲ್ಲಿ ನಿಂತಿದ್ದೆ. ನೀವು ಕಾಲು ಒತ್ತಿಕೊಳ್ತಾ ಇದ್ರಲ್ಲ, ಆ ಮುಖ ಬೇಕು ನನಗೆ."

"ಅದು ಸುಸ್ತಾದ ಮುಖ ಕಣೇ."

"ಅದೇ ಬೇಕು ಅಮ್ಮಾ."

ದೊಡ್ಡತ್ತೆ ಆ ದಿನ ಮಧ್ಯಾಹ್ನದ ಸೀನಿನಲ್ಲಿ ಎರಡು ಸಲ ಮಾತು ಮರೆತಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಅನುಮತಿ ಕೇಳಲು ಚಾನೆಲ್ಲಿನ ಮ್ಯಾನೇಜರ್ ಹತ್ತಿರ ಮುಂದಕ್ಕಣ್ಣನನ್ನೂ ಕರೆದುಕೊಂಡೇ ಹೋದಳು. ಮ್ಯಾನೇಜರ್ ಒಳ್ಳೆಯ ಮನುಷ್ಯ; ಒಳ್ಳೆಯವರು ಇಲ್ಲ ಎನ್ನುವಾಗ ಟೀ ತರಿಸುತ್ತಾರೆ. ಟೀ ಬಂತು.

"ಇಪ್ಪತ್ನಾಲ್ಕು ದಿನ ದೊಡ್ಡತ್ತೆ ಇಲ್ಲದೆ ಮನೆ ಹೇಗೆ ನಡೆಯುತ್ತೆ ಅಮ್ಮಾ? ಕತೇಲಿ ಯಾತ್ರೆಗೆ ಕಳಿಸೋಣ ಅಂದ್ರೆ, ಈ ವರ್ಷ ಆಗಲೇ ಎರಡು ಸಲ ಹೋಗಿ ಬಂದಿದ್ದೀರಿ."

"ಕೋಮಾಕ್ಕೆ ಹಾಕಿ," ಎಂದಳು.

"ಮಾವನನ್ನ ಹಾಕಿದ್ವಲ್ಲ," ಎಂದ ಮುಂದಕ್ಕಣ್ಣ. "ಎರಡು ವರ್ಷ ಆಯ್ತು, ಇನ್ನೂ ಎದ್ದಿಲ್ಲ. ಆ ನಟ ಬೇರೆ ಕಡೆ ಅಂಗಡಿ ಇಟ್ಟ. ಜನ ಬೈತಿದ್ದಾರೆ." ಆಮೇಲೆ ತಲೆ ಕೆರೆದುಕೊಂಡು ಹೇಳಿದ, "ನೋಟ ಹಿಡಿದಿಡೋಣ ಅಕ್ಕಾ."

ನೋಟ ಹಿಡಿದಿಡುವುದು ಅವರ ಕಸುಬಿನಲ್ಲಿ ಹಳೆಯ ಪದ್ಧತಿ. ಯಾರಾದರೂ ಜ್ವರಕ್ಕೋ ಮದುವೆಗೋ ಎರಡು ದಿನ ರಜೆ ಕೇಳಿದರೆ, ಹೋಗುವ ಮುಂಚೆ ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಒಂದು ಕೋಪ, ಒಂದು ಗಾಬರಿ, ಒಂದು ಅನುಮಾನ ಹಿಡಿದಿಟ್ಟುಕೊಳ್ಳುತ್ತಾರೆ. ಫೋನು ಕಿವಿಗಿಟ್ಟು "ಹೂಂ", "ಹೌದಾ", "ಆಮೇಲೆ?" ಅನ್ನಿಸುತ್ತಾರೆ. ಆಮೇಲೆ ಬೇಕಾದ ಕಡೆ ನಡುನಡುವೆ ತುರುಕುತ್ತಾರೆ. ನೋಡುವವರಿಗೆ ಆಕೆ ಮನೆಯಲ್ಲೇ ಇದ್ದ ಹಾಗೆ ಕಾಣುತ್ತದೆ. ಆದರೆ ಇಪ್ಪತ್ತನಾಲ್ಕು ದಿನಕ್ಕಾಗುವಷ್ಟು ನೋಟವನ್ನು ಯಾರೂ ಅದುವರೆಗೆ ಕೊಟ್ಟಿರಲಿಲ್ಲ.

"ಕೊಡ್ತೀನಿ," ಎಂದಳು ದೊಡ್ಡತ್ತೆ, ಟೀ ಆರುವ ಮುಂಚೆ.

ಎರಡು ದಿನ ನಡೆಯಿತು ಆ ಕೆಲಸ. ಒಂಬತ್ತು ಬಗೆಯ ಬಟ್ಟೆ; ಬಾಗಿಲಲ್ಲಿ, ಮೆಟ್ಟಿಲಲ್ಲಿ, ಸೋಫಾದಲ್ಲಿ, ಕಿಟಕಿಯ ಪರದೆಯ ಹಿಂದೆ. ಬಣ್ಣ ಹಚ್ಚುವ ಅಣ್ಣ ಪ್ರತಿ ಸಲ ಬಟ್ಟೆ ಬದಲಾದಾಗಲೂ ಓಡಿಬಂದು ಬೆವರು ಒತ್ತುತ್ತಿದ್ದ. ಧಾರಾವಾಹಿಯ ಸೊಸೆ ಕುರ್ಚಿ ಹಾಕಿಕೊಂಡು ನೋಡುತ್ತ ಕುಳಿತಿದ್ದಳು. ಪರದೆಯ ಮೇಲೆ ಹಾವು ಮುಂಗುಸಿಯಾದರೂ ಹೊರಗೆ ಇಬ್ಬರದೂ ಒಂದೇ ಬುತ್ತಿ. ಎರಡನೆಯ ದಿನ ಅವಳು ಕಿವಿಯ ಹತ್ತಿರ ಬಂದು ಹೇಳಿದಳು, "ಅತ್ತೆ, ಸ್ವಲ್ಪ ಕೈ ಬಿಗಿ ಹಿಡಿದು ಕೊಡಿ. ಎಲ್ಲಾ ಒಳ್ಳೊಳ್ಳೇದೇ ಸುರಿದುಬಿಟ್ರೆ ನಿಮಗೇನು ಉಳಿಯುತ್ತೆ?"

"ಅರ್ಧ ಬೆಂದದ್ದು ಬಡಿಸೋಕೆ ನನಗೆ ಬರಲ್ಲ ಕಣೇ ಸೊಸೆ."

ಬರುತ್ತಿರಲಿಲ್ಲ, ನಿಜ. ಮುಂದಕ್ಕಣ್ಣ ಮೂವತ್ತು ಕೇಳಿದ್ದ. ಅವಳು ಅರವತ್ತೆರಡು ಕೊಟ್ಟಳು. ಕೇಳದೆಯೇ ತಾನಾಗಿ ಕೆಲವನ್ನು ಕಟ್ಟಿಕೊಟ್ಟಳು: ನಗು ಬಂದು ನುಂಗಿಕೊಂಡ ನೋಟ, ಗೊತ್ತಿದ್ದೂ ಗೊತ್ತಿಲ್ಲದ ನೋಟ. ನಲವತ್ತೊಂದನೆಯದು ಅವಳಿಗೇ ತುಂಬ ಹಿಡಿಸಿತು. ಕೋಪವೋ ಕನಿಕರವೋ ಹೇಳಲಾಗದಂಥದು. "ಇದು ಎಲ್ಲದಕ್ಕೂ ಆಗುತ್ತೆ ನೋಡು," ಎಂದು ಅವಳೇ ಮುಂದಕ್ಕಣ್ಣನಿಗೆ ತೋರಿಸಿಕೊಟ್ಟಳು. ಕೊಡಲಿಗೆ ಕಾವು ಹಾಕಿಕೊಟ್ಟ ಮರ ಅಂತ ಕೇಳಿದ್ದೀರಲ್ಲ, ಹಾಗೆ.

ಇನ್ನು ಸಿನಿಮಾದ ಕತೆ. ಆಸ್ಪತ್ರೆಯ ಹಿಂಭಾಗದ ಒಗೆಯುವ ಕೋಣೆ. ಉದ್ದನೆಯ ಸಿಮೆಂಟು ತೊಟ್ಟಿ, ಆವಿ, ಸೋಪಿನ ಘಾಟು. ಮೊದಲ ದಿನದ ಕೆಲಸ ಸುಲಭದ್ದು. ಒಬ್ಬ ನರ್ಸು ಬಂದು, "ಆ ಹನ್ನೆರಡನೇ ಮಂಚದ ಹೊದಿಕೆ ಇನ್ನು ಬೇಡ," ಎನ್ನಬೇಕು; ಆ ಮಂಚದವರು ತೀರಿಹೋದರೆಂದು ಅರ್ಥ. ಇವಳು ಕೇಳಿಸಿಕೊಂಡು, ಒಗೆಯುವುದನ್ನು ಮುಂದುವರಿಸಬೇಕು. ನರ್ಸು ಹೇಳಿದಳು. ಹುಬ್ಬು ಮೇಲೇರಿತು.

"ಅಮ್ಮಾ, ಹುಬ್ಬು," ಎಂದಳು ನಿರ್ದೇಶಕಿ.

ಹತ್ತೊಂಬತ್ತು ಸಲ ಹುಬ್ಬು ಏರಿತು. ಇಪ್ಪತ್ತನೆಯ ಸಲ ಅವಳೇ ಸೋಪಿನ ಕೈಯಲ್ಲಿ ಅದನ್ನು ಒತ್ತಿ ಹಿಡಿದುಕೊಂಡಳು. ಕಣ್ಣಿಗೆ ಸೋಪು ಹೋಯಿತು.

"ಏನೂ ಮಾಡಬೇಡಿ ಅಮ್ಮಾ. ಸುಮ್ಮನೆ ಇರಿ."

"ಏನೂ ಮಾಡದೆ ಇರೋದು ಹೇಗೆ ಅಂತ ಹೇಳಿಕೊಡು, ಮಾಡ್ತೀನಿ."

ಅದನ್ನು ಯಾರೂ ಹೇಳಿಕೊಡಲಾರರು. ನಿರ್ದೇಶಕಿ ಒಂದು ಉಪಾಯ ಮಾಡಿದಳು. ದಿನಾ ಬೆಳಿಗ್ಗೆ ಮೂರು ತಾಸು, ಕ್ಯಾಮೆರಾ ಇಲ್ಲದೆ, ಆಸ್ಪತ್ರೆಯ ನಿಜವಾದ ಬಟ್ಟೆಯನ್ನೇ ಒಗೆಸಿದಳು. ತೋಳು ಕಡಿಯಿತು, ಬೆರಳ ತುದಿ ಸುಕ್ಕಾಯಿತು, ಸೊಂಟ ಹಿಡಿದುಕೊಂಡಿತು. ಐದನೆಯ ದಿನ ನರ್ಸು ಬಂದು ಹನ್ನೆರಡನೇ ಮಂಚದ ಮಾತು ಹೇಳಿದಾಗ ಅವಳಿಗೆ ಅದು ನಿಜಕ್ಕೂ ತಡವಾಗಿ ಕೇಳಿಸಿತು. ಕೈ ನಿಂತಿತು. ಮತ್ತೆ ಒಗೆಯತೊಡಗಿತು. ಅಷ್ಟೇ. ನಿರ್ದೇಶಕಿ ಕಟ್ ಹೇಳುವುದನ್ನೇ ಮರೆತಳು. "ತಪ್ಪಾಯ್ತಾ?" ಎಂದು ಅವಳೇ ಕೇಳಿದಳು.

ಆ ದಿನಗಳಲ್ಲಿ ಅವಳು ಮನೆಗೆ ಬಂದು ಕಾಲು ಚಾಚಿದರೆ ತಂಗಿ ಟೀವಿ ಹಾಕಿಕೊಂಡು ಕುಳಿತಿರುತ್ತಿದ್ದಳು.

"ಅಕ್ಕಾ, ಇವತ್ತು ಸೊಸೆಗೆ ಚೆನ್ನಾಗಿ ನೀರಿಳಿಸಿದೆ ನೀನು."

"ನಾನು ಹೊದಿಕೆ ಹಿಂಡ್ತಾ ಇದ್ದೆ ಕಣೇ."

"ಇಲ್ಲಿ ನೋಡು ಮತ್ತೆ, ಮೆಟ್ಟಿಲ ಮೇಲೆ ನಿಂತಿದ್ದೀಯ. ಅಬ್ಬಾ, ನನಗೇ ಭಯ ಆಯ್ತು."

ದೊಡ್ಡತ್ತೆ ನೋಡಿದಳು. ಅದು ನಲವತ್ತೊಂದನೆಯದು. ಅದರ ಮುಂದೆ ಸೊಸೆ ಒಂದು ನಿಮಿಷ ಪೂರ್ತಿ ಮಾತಾಡಿ, ಅತ್ತು, ಕ್ಷಮೆ ಕೇಳಿ ಹೋದಳು. ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತೆಂದರೆ, ತಾನು ಅಲ್ಲಿ ಇದ್ದಿದ್ದರೂ ಇದಕ್ಕಿಂತ ಹೆಚ್ಚೇನು ಮಾಡುತ್ತಿದ್ದೆ ಎಂದು ಅವಳಿಗೇ ತಿಳಿಯಲಿಲ್ಲ.

ಸಿನಿಮಾ ಮುಗಿಸಿ ಹಿಂತಿರುಗಿದ ದಿನ ಬಣ್ಣದ ಅಣ್ಣ, "ಬನ್ನಿ ಅತ್ತೆಮ್ಮಾ, ಕೈಯೇನು ಹೀಗೆ ಒಡೆದುಹೋಗಿದೆ," ಎಂದು ಎಣ್ಣೆ ಸವರಿ ಕೂರಿಸಿದ. ಸೀನು ಒಂದೇ ಒಂದು ಇತ್ತು. ಅದೂ ಸಂಜೆ. ಸೊಸೆ ಏನೋ ಅಂದಳು, ಇವಳು ತಿರುಗಿದಳು. ಮುಂದಕ್ಕಣ್ಣ ಕ್ಯಾಮೆರಾದ ಹಿಂದಿನಿಂದ ಕಾದ.

"ಅಕ್ಕಾ, ಹುಬ್ಬು."

ಏರಲಿಲ್ಲ. ಏರಿಸಿದಳು; ಏರಿಸಿದ್ದು ಏರಿಸಿದ ಹಾಗೆ ಕಂಡಿತು. ಮುಂದಕ್ಕಣ್ಣ "ಮುಂದಕ್ಕೆ" ಎಂದ, ಆದರೆ ದನಿ ಸ್ವಲ್ಪ ತಗ್ಗಿತ್ತು.

ಮರುದಿನ ಕರೆ ಬರಲಿಲ್ಲ. ಆ ವಾರವೂ ಇಲ್ಲ. ತಂಗಿಯ ಡೈರಿಯ ಹಾಳೆಗಳು ಬಿಳಿಯಾಗೇ ಮಗುಚತೊಡಗಿದವು. ಹನ್ನೆರಡನೆಯ ದಿನ ಅವಳೇ ಬಸ್ಸು ಹತ್ತಿ ಹೋಗಿ, ಎಡಿಟಿಂಗ್ ಕೋಣೆಯಿಂದ ಬರುತ್ತಿದ್ದ ಮುಂದಕ್ಕಣ್ಣನನ್ನು ಕಾರಿಡಾರಿನಲ್ಲಿ ಹಿಡಿದಳು.

"ಏನಪ್ಪಾ, ನಾನು ಬದುಕಿದ್ದೀನಾ?"

ಅವನು ಗೋಡೆ ನೋಡಿದ. "ಬರೆಯೋರು ರುಚಿ ಕಂಡುಬಿಟ್ಟಿದ್ದಾರೆ ಅಕ್ಕಾ. ನೋಟ ಇದ್ರೆ ಮಾತು ಬರೀಬೇಕಿಲ್ಲವಲ್ಲ. ದೊಡ್ಡತ್ತೆ ಮಾತು ಬಿಟ್ಟಿದ್ದಾಳೆ, ಏನೋ ಸಂಚು ಮಾಡ್ತಿದ್ದಾಳೆ ಅಂತ ಜನಕ್ಕೂ ಕುತೂಹಲ. ರೇಟಿಂಗ್ ಏರಿದೆ."

"ಮೊನ್ನೆ ಮಾಡಿದ ಸೀನು?"

"ಹಾಕಲಿಲ್ಲ. ಹಳೇದಕ್ಕೂ ಅದಕ್ಕೂ ಹೊಂದಲಿಲ್ಲ. ಹೊಸದ್ರಲ್ಲಿ ನೀವು…" ಅವನು ಪದ ಹುಡುಕಿದ. "ಸುಸ್ತಾದ ಹಾಗೆ ಕಾಣ್ತೀರಿ."

ದೊಡ್ಡತ್ತೆ ನಕ್ಕಳು. ಒಬ್ಬಳು ಆ ಮುಖ ಬೇಕು ಎಂದು ಹುಡುಕಿಕೊಂಡು ಬಂದಿದ್ದಳು, ಇನ್ನೊಬ್ಬ ಅದೇ ಮುಖ ಬೇಡ ಎನ್ನುತ್ತಿದ್ದಾನೆ. ಮುಖ ಮಾತ್ರ ಒಂದೇ. ಅದನ್ನು ಹೊತ್ತುಕೊಂಡು ಬಸ್ಸಿನಲ್ಲಿ ಮನೆಗೆ ಬಂದಳು. ಪಕ್ಕದಲ್ಲಿ ಕುಳಿತ ಹೆಂಗಸು, "ನಿನ್ನೆ ನೀವು ಹಾಗೆ ನೋಡಬಾರದಿತ್ತು, ಪಾಪ ಆ ಹುಡುಗಿ," ಎಂದು ತಕರಾರು ತೆಗೆದಳು. "ಹೌದಮ್ಮಾ, ತಪ್ಪಾಯ್ತು," ಎಂದಳು ದೊಡ್ಡತ್ತೆ.

ಅದೇ ತಿಂಗಳ ಕೊನೆಯ ವಾರ ಫೋನು ಬಂತು. ಒಗೆಯುವ ಹೆಂಗಸಿನ ಕೆಲವು ತುಣುಕುಗಳನ್ನು ನೋಡಿದ ಇನ್ನೊಬ್ಬ ಸಿನಿಮಾದವನು. ಬಸ್ ನಿಲ್ದಾಣದಲ್ಲಿ ಟಿಕೆಟ್ಟು ಹರಿಯುವ ಹೆಂಗಸಿನ ಪಾತ್ರ. ಹತ್ತೇ ದಿನ, ಬರುವ ತಿಂಗಳ ಎಂಟರಿಂದ. ಈ ತಿಂಗಳೊಳಗೆ ಹೂಂ ಅನ್ನದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದ.

ಮತ್ತೆ ಮ್ಯಾನೇಜರ್, ಮತ್ತೆ ಟೀ.

"ಒಂದು ಸಲ ಕೊಟ್ಟೆ ಅಮ್ಮಾ. ಎರಡನೇ ಸಲ ಕೊಟ್ರೆ ಅದು ರೂಢಿ ಆಗುತ್ತೆ. ನಾಳೆ ಸೊಸೆ ಕೇಳ್ತಾಳೆ, ನಾಡಿದ್ದು ಮೈದುನ ಕೇಳ್ತಾನೆ. ಎಲ್ಲರೂ ನೋಟ ಇಟ್ಟು ಹೋದ್ರೆ ಆ ಮನೇಲಿ ಇರೋರು ಯಾರು? ಕರಾರು ಮುಗಿಯೋಕೆ ಇನ್ನು ಏಳು ತಿಂಗಳು. ತಾಳಿಕೊಳ್ಳಿ."

"ನನ್ನನ್ನ ನೀವು ಕರೀತಾನೇ ಇಲ್ವಲ್ಲ ಸ್ವಾಮಿ."

"ಕರೀದಿದ್ರೂ ನೀವು ಇದ್ದೀರಿ. ದಿನಾ ಸಂಜೆ ಬರ್ತಿದ್ದೀರಿ."

ಊಟಕ್ಕೂ ಕರೆಯುವುದಿಲ್ಲ, ಪಂಕ್ತಿಯಿಂದ ಏಳಲೂ ಬಿಡುವುದಿಲ್ಲ. ಅವಳು ಟೀ ಕುಡಿದು ಎದ್ದುಬಂದಳು.

ಮನೆಯಲ್ಲಿ ತಂಗಿ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು. "ಅವರು ಹೇಳೋದ್ರಲ್ಲಿ ತಪ್ಪೇನಿದೆ ಅಕ್ಕಾ? ಏಳು ತಿಂಗಳು ಕೂತು ಉಣ್ಣು. ಹೆಸರಿದೆ, ಸಂಬಳ ಇದೆ, ಕೆಲಸ ಇಲ್ಲ. ಯಾರಿಗುಂಟು ಯಾರಿಗಿಲ್ಲ? ಆ ಟಿಕೆಟ್ಟಿನವಳು ಹತ್ತು ದಿನಕ್ಕೆ ಮುಗಿದುಹೋಗ್ತಾಳೆ. ಆಮೇಲೆ? ಎರಡು ದೋಣಿ ಮೇಲೆ ಕಾಲಿಟ್ಟೆ, ಸರಿ. ಈಗ ಇರೋದನ್ನೂ ಒದ್ದುಬಿಡ್ತೀಯಾ?"

"ಅಲ್ಲ ಕಣೇ, ಕೂತು ಕೂತೇ ಸುಸ್ತಾಗಿದ್ದೀನಿ. ಇಪ್ಪತ್ತು ಸೀನು ಮಾಡಿದಾಗ ರಾತ್ರಿ ಕಣ್ಣು ಮುಚ್ಚಿದ್ರೆ ನಿದ್ದೆ. ಈಗ ಸಂಜೆ ಅವಳು ಬರ್ತಾಳೆ, ನಾನು ಇಲ್ಲಿ ಕೂತು ನೋಡ್ತೀನಿ. ಅವಳು ನನ್ನನ್ನೇ ದುರುಗುಟ್ಟಿಕೊಂಡು ನೋಡ್ತಾಳೆ. ನಿನಗೇನು ಕೆಲಸ ಇಲ್ಲಿ ಅನ್ನೋ ಹಾಗೆ."

ತಂಗಿ ಅಕ್ಕಿಯ ಮೊರ ಕೆಳಗಿಟ್ಟಳು. "ಐವತ್ತೇಳು ನಿನಗೆ."

"ಅದಕ್ಕೇ."

"ಆಮೇಲೆ ಯಾರೂ ಕರೀಲಿಲ್ಲ ಅಂದ್ರೆ?"

"ಕರೀಲಿಲ್ಲ ಅಂತ ಗೊತ್ತಾಗುತ್ತಲ್ಲ. ಈಗ ಅದೂ ಗೊತ್ತಾಗೋ ಹಾಗಿಲ್ಲ."

ತಂಗಿ ಎದ್ದು ಡೈರಿ ತಂದು, ಬರುವ ತಿಂಗಳ ಎಂಟರ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು ಕೇಳಿದಳು, "ಟಿಕೆಟ್ಟಿನವಳು ಅಂತ ಬರೀಲಾ, ಬಸ್ ನಿಲ್ದಾಣ ಅಂತ ಬರೀಲಾ?"

ಮೂರನೆಯ ಸಲ ಮ್ಯಾನೇಜರ್ ಟೀ ತರಿಸಲಿಲ್ಲ, ಈ ಸಲ ಇಲ್ಲ ಎನ್ನಲಾಗದೆಂದು ಅವನಿಗೂ ಗೊತ್ತಾಗಿತ್ತು. "ನನ್ನನ್ನ ಸಾಯಿಸಿಬಿಡಿ," ಎಂದಳು ದೊಡ್ಡತ್ತೆ. ಅವನು ಗಾಬರಿಯಿಂದ, "ಛೆ, ದೊಡ್ಡತ್ತೆ ಸಾಯೋ ಹಾಗಿಲ್ಲ ಅಮ್ಮಾ," ಎಂದ. ಕರಾರನ್ನು ನಡುವೆಯೇ ಮುರಿದು ಬಿಡುಗಡೆ ಕೊಡಬಹುದು, ಆದರೆ ಎರಡು ಷರತ್ತು. ಒಂದು, ಎರಡು ವರ್ಷ ಬೇರೆ ಯಾವ ಧಾರಾವಾಹಿಯಲ್ಲೂ ಅತ್ತೆಯ ಪಾತ್ರ ಮಾಡಕೂಡದು. ಎರಡು, ಹಿಡಿದಿಟ್ಟ ನೋಟಗಳೆಲ್ಲ ಅವರದು. ಎಷ್ಟು ದಿನ ಬೇಕಾದರೂ, ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು.

"ಎರಡು ವರ್ಷ ಅತ್ತೆ ಆಗಬಾರದು ಅಂದ್ರೆ ಅದು ಶಿಕ್ಷೆನೋ ವರವೋ?" ಎಂದಳು. ಎರಡನೆಯದಕ್ಕೆ ಮಾತ್ರ ಅವಳ ಪೆನ್ನು ಹಾಳೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. "ಫೋನಿನಲ್ಲಿ ಅಂದ ಹೂಂ ಕೂಡಾನಾ?"

"ಹೂಂ ಕೂಡ."

ಸಹಿ ಹಾಕಿದಳು. ಸಹಿಯಲ್ಲಿದ್ದದ್ದು ತಂದೆತಾಯಿ ಇಟ್ಟ ಹೆಸರು.

ಸಾಮಾನು ತರಲು ಒಂದು ಮಂಗಳವಾರ ಶೂಟಿಂಗ್ ಮನೆಗೆ ಹೋದಳು. ಬಣ್ಣದ ಕೋಣೆಯ ಕಪಾಟಿನಲ್ಲಿ ಅವಳದೆಂದು ಇದ್ದದ್ದು ಬಾಚಣಿಗೆ, ಬಿಸಿನೀರಿನ ಚೀಲ, ಸೊಂಟಕ್ಕೆ ಇಟ್ಟುಕೊಳ್ಳುವ ದಿಂಬು, ಕನ್ನಡಕದ ಖಾಲಿ ಡಬ್ಬಿ. ಬಣ್ಣದ ಅಣ್ಣ ಒಂದೊಂದನ್ನೂ ಒರೆಸಿ ಚೀಲಕ್ಕೆ ಹಾಕಿದ. "ಹನ್ನೊಂದು ವರ್ಷ ಈ ಮುಖ ತೊಳೆದಿದ್ದೀನಿ ಅತ್ತೆಮ್ಮಾ, ಒಂದು ದಿನ ಚೆನ್ನಾಗಿ ನೋಡಲೇ ಇಲ್ಲ," ಎಂದ. "ನೋಡಿದ್ರೆ ಓಡಿಹೋಗ್ತಿದ್ದೆ ಬಿಡು," ಎಂದಳು.

ಹಜಾರದಲ್ಲಿ ಶೂಟಿಂಗ್ ನಡೆಯುತ್ತಿತ್ತು. ಅವಳು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು. ಸೊಸೆ ಮೆಟ್ಟಿಲ ಬುಡದಲ್ಲಿ ನಿಂತು, ಮೇಲೆ ನೋಡುತ್ತ, "ನಾನೇನು ತಪ್ಪು ಮಾಡಿದೆ ಹೇಳಿ ಅತ್ತೆ, ಒಂದು ಮಾತಾದರೂ ಆಡಿ," ಎಂದು ಅಳುತ್ತಿದ್ದಳು. ಮೆಟ್ಟಿಲ ಮೇಲೆ ಒಂದು ಉದ್ದನೆಯ ಕೋಲನ್ನು ನಿಲ್ಲಿಸಿದ್ದರು. ದೊಡ್ಡತ್ತೆಯ ಕಣ್ಣು ಎಲ್ಲಿರಬೇಕೋ ಅಲ್ಲಿ, ಕೋಲಿಗೆ ಒಂದು ತುಂಡು ಕೆಂಪು ಟೇಪು ಅಂಟಿಸಿದ್ದರು. ಸೊಸೆ ಅದನ್ನು ನೋಡಿಯೇ ಅಳುತ್ತಿದ್ದಳು. ಚೆನ್ನಾಗಿ ಅಳುತ್ತಿದ್ದಳು.

ಟೇಕು ಮುಗಿಯಿತು. ದೀಪ ಸರಿಪಡಿಸುವ ಎರಡು ನಿಮಿಷದಲ್ಲಿ ಸೊಸೆ ಇವಳನ್ನು ಕಂಡು ಓಡಿಬಂದಳು. ತಬ್ಬಿಕೊಳ್ಳಲು ಹೋದವಳನ್ನು ದೊಡ್ಡತ್ತೆ ಒಂದು ಮೊಳ ದೂರದಲ್ಲೇ ತಡೆದಳು.

"ಬೇಡ ಕಣೇ, ಬಣ್ಣ ಅಳಿಸುತ್ತೆ. ಮುಂದಿನ ಶಾಟಿಗೆ ಹೊಂದಲ್ಲ." ಗಲ್ಲ ಎತ್ತಿ ನೋಡಿದಳು. "ಇದು ಗ್ಲಿಸರಿನ್ನಾ, ನಿಜವಾದ್ದಾ?"

"ಎರಡೂ ಅತ್ತೆ. ಕಲಸಿಹೋಗಿದೆ."

"ಕೋಲನ್ನ ನೋಡಿ ಅಳೋದು ಕಷ್ಟ ಅಲ್ವಾ?"

"ನಿಮ್ಮನ್ನ ನೋಡಿ ಅಳೋಕಿಂತ ವಾಸಿ. ನಗು ಬರಲ್ಲ," ಎಂದು ಸೊಸೆ ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ಹಜಾರದಿಂದ ಕೂಗು ಬಂತು. ಅವಳು ತಿರುಗಿ ನೋಡುತ್ತ ನೋಡುತ್ತ ಹೋಗಿ ಮತ್ತೆ ಮೆಟ್ಟಿಲ ಬುಡದಲ್ಲಿ ನಿಂತಳು.

ಮುಂಬಾಗಿಲು ಕ್ಯಾಮೆರಾಕ್ಕೆ ಕಾಣುವಂತಿತ್ತು, ಅಲ್ಲಿಂದ ಹೋಗುವ ಹಾಗಿರಲಿಲ್ಲ. ಉಳಿದದ್ದು ಅಡುಗೆಮನೆಯ ಹಿಂಬಾಗಿಲು. ಅಲ್ಲಿ ಕಾವಲಿಗೆ ನಿಂತಿದ್ದವನು ಬೆರಳು ತುಟಿಯ ಮೇಲಿಟ್ಟು, ಶಾಟು ಶುರುವಾಗಿದೆ ಎಂದು ಸನ್ನೆ ಮಾಡಿದ. ದೊಡ್ಡತ್ತೆ ತಲೆಯಾಡಿಸಿದಳು. ಅವಳ ಚಪ್ಪಲಿ ಹಳೆಯದು, ಕಲ್ಲಿನ ನೆಲದ ಮೇಲೆ ಟಪಟಪ ಸದ್ದು ಮಾಡುತ್ತಿತ್ತು. ಬಗ್ಗಿ ಎರಡನ್ನೂ ಬಿಚ್ಚಿದಳು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಚೀಲ. ಒಳಗೆ ಸೊಸೆ ಮತ್ತೆ ಅಳುತ್ತಿದ್ದಳು. ಕಾವಲಿನವನು ಬಾಗಿಲನ್ನು ಕಿರ್ ಎನ್ನದ ಹಾಗೆ ಒಂದು ಮೊಳದಷ್ಟು ತೆರೆದು ಹಿಡಿದ. ಚೀಲವನ್ನು ಎದೆಗೊತ್ತಿಕೊಂಡು ಅವಳು ಅಡ್ಡಡ್ಡ ತೂರಿ ಹೊರಗೆ ಬಂದಳು.

ಹಿತ್ತಿಲಲ್ಲಿ ಜನರೇಟರಿನ ತಂತಿಗಳನ್ನು ದಾಟಿ, ಒಣಗಲು ಹಾಕಿದ ದೊಡ್ಡತ್ತೆಯ ಬಟ್ಟೆಗಳ ಕೆಳಗೆ ಬಗ್ಗಿ, ಸಣ್ಣ ಗೇಟಿನ ಹತ್ತಿರ ಬಂದಳು. ನೆಲ ಕಾದಿತ್ತು. ಗೇಟು ದಾಟಿ ಬೀದಿಗೆ ಇಳಿದ ಮೇಲೆ, ಗೋಡೆಗೆ ಕೈಯಾನಿಸಿ ನಿಂತು, ಅಂಗಾಲಿಗೆ ಅಂಟಿದ್ದ ಹರಳುಗಳನ್ನು ಉದುರಿಸಿದಳು. ಚಪ್ಪಲಿಗಳನ್ನು ಒಂದೊಂದಾಗಿ ಮೆಟ್ಟಿಕೊಂಡು ಬಸ್ಸಿನ ಕಡೆ ನಡೆದಳು.